ಸ್ಟ್ರೋಕ್ ಆದ ಮೇಲೆ ಮಾವನ ಸಂಜ್ಞೆ ತಪ್ಪುತ್ತಿದೆ, ನಟಿಸಿ ತೋರಿಸುವುದು ಸರಿಯಾಗಿದೆ. ಯಾಕೆ?

ಪ್ರಶ್ನೆ: ನಮ್ಮ ಸೋದರಮಾವನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಅತ್ತೆಗೂ ಅಷ್ಟೇ. ಇಬ್ಬರೂ ಸಂಜ್ಞಾ ಭಾಷೆಯಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ಈಚೆಗೆ ಮಾವನಿಗೆ ಎಡ ಮೆದುಳಲ್ಲಿ ಸ್ಟ್ರೋಕ್ ಆಯಿತು. ಬಲಗೈಗೆ ಶಕ್ತಿಯಿಲ್ಲ, ಎಡಗೈ ಚೆನ್ನಾಗಿದೆ. ಆದರೆ ಎಡಗೈಯಲ್ಲಿ ‘ನೀರು’ ಅಂತ ಸಂಜ್ಞೆ ಮಾಡಹೋದರೆ ಬೆರಳುಗಳು ಏನೇನೋ ಆಗುತ್ತವೆ. ಆಮೇಲೆ ಸಿಟ್ಟು ಬಂದು, ಲೋಟ ಎತ್ತಿ ಕುಡಿದ ಹಾಗೆ ನಟಿಸಿ ತೋರಿಸುತ್ತಾರೆ. ಕೈ ಅದೇ ತಾನೇ? ಬೇಕಂತಲೇ ಹಟ ಮಾಡುತ್ತಿದ್ದಾರೆ ಅಂತಾರೆ ಮನೆಯವರು. ಏನಿದು ಮೇಡಂ?

ಉತ್ತರ (ಸ್ಪೀಚ್ ಥೆರಪಿಸ್ಟ್): ಹಟ ಅಲ್ಲ ಕಣಮ್ಮಾ, ದಯವಿಟ್ಟು ಮನೆಯವರಿಗೆ ಮೊದಲು ಇದನ್ನು ಹೇಳಿ. ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನೀವು ಬರೆದಿರುವುದು ಅಫೇಸಿಯಾ, ಅಂದರೆ ಮೆದುಳಿಗೆ ಪೆಟ್ಟಾಗಿ ಭಾಷೆ ಕೆಡುವ ತೊಂದರೆ, ಥರ ಇದೆ. ಮಾತಾಡುವವರಿಗೆ ಎಡ ಮೆದುಳಿಗೆ ಪೆಟ್ಟಾದರೆ ಪದ ಸಿಗದೆ ತಡವರಿಸುತ್ತಾರಲ್ಲ, ಅದೇ ತೊಂದರೆ ಇಲ್ಲಿ ಬೆರಳಿಗೆ ಬಂದಿದೆ. ಲೋಟ ಎತ್ತುವ ಅಭಿನಯ ಸರಾಗವಾಗಿ ಬರುತ್ತಿದೆ ಅಂದರೆ ಎಡಗೈ ಆಡಿಸುವುದು ಮರೆತಿಲ್ಲ, ಏನು ಬೇಕು ಅನ್ನುವುದೂ ಗೊತ್ತಿದೆ. ಕೆಟ್ಟಿರುವುದು ನಡುವಿನ ಭಾಷೆ.

2004ರಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥದೇ ಒಬ್ಬರ ಬಗ್ಗೆ ಬರೆದರು. ಲೇಖನದಲ್ಲಿ ಅವರ ಹೆಸರು ಚಾರ್ಲ್ಸ್. ಸಂಜ್ಞೆ ತಪ್ಪುತ್ತಿತ್ತು, ಅಭಿನಯ ಉಳಿದಿತ್ತು. ಸ್ವಾರಸ್ಯ ಏನೆಂದರೆ, ಎರಡೂ ನೋಡುವುದಕ್ಕೆ ಹೆಚ್ಚುಕಡಿಮೆ ಒಂದೇ ಥರ ಇದ್ದಾಗಲೂ ಹೀಗೇ ಆಗುತ್ತಿತ್ತು!

ಇನ್ನೊಬ್ಬ ಸದಸ್ಯರು: ಸಂಜ್ಞೆ ಅಂದರೆ ಕಣ್ಣು, ಜಾಗ, ಆಕಾರ. ಅದು ಬಲ ಮೆದುಳಿನ ಕೆಲಸ ಅಲ್ವಾ?

ಉತ್ತರ: ಹಾಗೇ ಅಂದುಕೊಂಡಿದ್ದರು ಸರ್. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಉರ್ಸುಲಾ ಬೆಲ್ಲುಗಿ ಮತ್ತು ಸಂಗಡಿಗರು ಮೆದುಳಿಗೆ ಪೆಟ್ಟಾದ 6 ಮಂದಿ ಕಿವುಡರನ್ನು ಪರೀಕ್ಷಿಸಿ 1987ರಲ್ಲಿ ಪುಸ್ತಕ ತಂದರು. ಬಲಭಾಗ ಕೆಟ್ಟವರು ಚಿತ್ರ ಬಿಡಿಸಿದರೆ ಎಡಗಡೆಯದು ಬಿಟ್ಟೇ ಹೋಗುತ್ತಿತ್ತು. ಆದರೆ ಸಂಜ್ಞೆಯ ವ್ಯಾಕರಣ ಸರಿಯಾಗಿಯೇ ಇತ್ತು. ಹಾಗಂತ ಬಲಭಾಗಕ್ಕೆ ಕೆಲಸವೇ ಇಲ್ಲ ಅಂತಲ್ಲ. ಯಾವ ವಸ್ತು ಎಲ್ಲಿದೆ ಅಂತ ಕೈಯಲ್ಲಿ ತೋರಿಸಿ ವಿವರಿಸುವಾಗ ಅವರು ಎಡವುತ್ತಿದ್ದರು.

ಇನ್ನು 2015ರ ಒಂದು ಎಂಆರ್‌ಐ ಅಧ್ಯಯನದ ಮಾತು. ಸಂಜ್ಞಾ ಭಾಷೆ ಬಲ್ಲ ಕಿವುಡರ ಮೆದುಳಿನ ಭಾಷೆಯ ಭಾಗಗಳು ಬರೀ ಕೈಸನ್ನೆ ನೋಡಿದಾಗಲೂ ಕೆಲಸ ಮಾಡಿದವು, ಸಂಜ್ಞೆಗೆ ಇನ್ನೂ ಜಾಸ್ತಿ. ಸಂಜ್ಞೆ ಬಾರದವರಿಗೆ ಎರಡೂ ಬರೀ ಕೈಯಾಟ. ಅವರಲ್ಲಿ ಇತರರ ಚಲನೆ ಗಮನಿಸುವ ಭಾಗಗಳೇ ಮುಖ್ಯವಾಗಿ ಕೆಲಸ ಮಾಡಿದವು. ಹಾಗಾಗಿ ಸಂಜ್ಞೆಗೂ ಅಭಿನಯದಂಥ ಕೈಸನ್ನೆಗೂ ನಡುವೆ ಗೋಡೆ ಕಟ್ಟಿದ ಹಾಗಿಲ್ಲ.

ಮೊದಲು ಕೇಳಿದವರು: ಹಾಗಾದರೆ ಪೆನ್ನು ಕೊಟ್ಟು ಬರೆಸೋಣವಾ?

ಉತ್ತರ: ಕೊಟ್ಟು ನೋಡಿ, ಒತ್ತಾಯ ಬೇಡ. ಬರವಣಿಗೆಯೂ ಭಾಷೆಯೇ, ಅದೂ ಕೆಟ್ಟಿರಬಹುದು. ಸದ್ಯಕ್ಕೆ ಫೋಟೊ ತೋರಿಸಿ, ಅಭಿನಯ ಮಾಡಿದರೆ ತಡೆಯಬೇಡಿ. ಥೆರಪಿಗೆ ಹೋಗುವಾಗ ಅತ್ತೆಯನ್ನು ಕರೆದುಕೊಂಡು ಹೋಗಿ. ನಮ್ಮಲ್ಲಿ ಸಂಜ್ಞೆ ಬಲ್ಲ ಥೆರಪಿಸ್ಟ್ ಕಡಿಮೆ. ಯಾವುದು ತಪ್ಪು, ಯಾವುದು ಮಾವನ ಹಳೇ ಶೈಲಿ ಅಂತ ಅತ್ತೆಗೇ ಗೊತ್ತಾಗುವುದು. ಹಳೇ ವಿಡಿಯೊ ಇದ್ದರೆ ಅದನ್ನೂ ಒಯ್ಯಿರಿ.