ಶಾಬಾದಿ ನೆಲದ ಮನೆಗೆ ತೊಗರಿ ಹೂವಿನ ಹಳದಿ ಹೊಂದುತ್ತಾ?

ತೊಗರಿ ಹೂ, ಕಲಬುರಗಿ:

ನಮಸ್ಕಾರ. ನಮ್ಮ ಪುಟ್ಟ ಮನೆ ಮುಗಿಯುತ್ತಾ ಬಂದಿದೆ. ಗಿಲಾವು ಆಗಿದೆ, ನೆಲಕ್ಕೆ ಶಾಬಾದಿ ಪರಸಿ, ಅಂದರೆ ಶಹಾಬಾದಿನ ಬೂದು ಕಲ್ಲಿನ ಚಪ್ಪಡಿ ಹಾಕಿಸಿದ್ದೇವೆ. ಬಣ್ಣ ಮಾತ್ರ ಬಾಕಿ. ಪೇಂಟರ್ "ಎಲ್ಲಾ ಕಡೆ ಕ್ರೀಮ್ ಹೊಡೆಸಿಬಿಡಿ ಮೇಡಂ" ಅನ್ನುತ್ತಾರೆ. ನಮ್ಮವರಿಗೆ ಬೂದು ಬಣ್ಣ ಇಷ್ಟ. ನನಗೆ ಎರಡೂ ಬೇಡ.

ನನ್ನ ತವರು ಯಾದಗಿರಿ ಕಡೆ. ಅಪ್ಪ ತೊಗರಿ ಬೆಳೆಯುತ್ತಿದ್ದರು. ಕರಿ ಮಣ್ಣಿನ ಹೊಲದಲ್ಲಿ ತೊಗರಿ ಹೂ ಬಿಟ್ಟಾಗ ಕಾಣುವ ಆ ಹಳದಿ ಇನ್ನೂ ಕಣ್ಣಲ್ಲೇ ಇದೆ. ಅಜ್ಜಿ ಹೊಲಿದ ಕೌದಿಯೂ ನನ್ನ ಹತ್ತಿರ ಇದೆ. ಅಮ್ಮನ ಇಳಕಲ್ ಸೀರೆ, ಅಪ್ಪನ ಅಂಗಿ, ನನ್ನ ಲಂಗ, ಎಲ್ಲದರ ಚೂರೂ ಅದರಲ್ಲಿವೆ. ಸುತ್ತ ಗಾಢ ನೀಲಿ ಅಂಚು. ಬಾಗಿಲು ದಾಟಿ ಬಂದವರಿಗೆ ಇದು ನನ್ನ ಮನೆ ಅಂತ ಅನ್ನಿಸಬೇಕು.

ಆದರೆ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಬಾಡಿಗೆ ಮನೆಯಲ್ಲಿ ಪೇಂಟ್ ಅಂಗಡಿಯ ಬಣ್ಣದ ಕಾರ್ಡ್ ನೋಡಿ ಹಳದಿ ಆರಿಸಿದ್ದೆ. ಕಾರ್ಡಿನಲ್ಲಿ ಬೆಣ್ಣೆ ಹಾಗಿತ್ತು, ಗೋಡೆಗೆ ಬಂದಾಗ ಕಣ್ಣು ಕುಕ್ಕಿತು. ರಾತ್ರಿ ಲೈಟ್ ಹಾಕಿದರೆ ಹಸಿರು ಹಸಿರು. ಎರಡು ವರ್ಷ ಆ ಗೋಡೆಗೆ ಬೆನ್ನು ಹಾಕಿಯೇ ಕೂತೆ. ಈಗಿನ ಪಡಸಾಲೆಯ ಕಿಟಕಿಗಳು ಪಶ್ಚಿಮಕ್ಕಿವೆ. ಏನು ಮಾಡಲಿ?

ಬಣ್ಣದ ಕೆಲಸ, ಕಲಬುರಗಿ:

ಅಕ್ಕಾ, ಹಳದಿ ಬಿಡಬೇಡಿ. ಬೂದು ನೆಲಕ್ಕೆ ಬೂದು ಗೋಡೆ ಬಂದರೆ ಮನೆ ಸಪ್ಪೆ. ಹಳದಿ ಪಕ್ಕ ಇದ್ದರೆ ಶಾಬಾದಿ ಕಲ್ಲಿನ ಒಳಗಿನ ನೀಲಿ ಎದ್ದು ಕಾಣುತ್ತದೆ. ಒರೆಸಿ ಹಸಿ ಇದ್ದಾಗ ನೋಡಿ, ಗೊತ್ತಾಗುತ್ತದೆ.

ಹಿಂದೆ ಯಾಕೆ ಕೆಟ್ಟಿತು ಅಂದರೆ, ಕಾರ್ಡಿನ ಚೂರು ಬೆರಳಷ್ಟು. ನಾಲ್ಕೂ ಗೋಡೆಗೆ ಅದೇ ಹಚ್ಚಿದಾಗ ಒಂದರ ಹಳದಿ ಇನ್ನೊಂದರ ಮೇಲೆ ಬೀಳುತ್ತದೆ, ಬಣ್ಣ ಇಮ್ಮಡಿಯಾಗುತ್ತದೆ. ಅದಕ್ಕೇ ಮನಸ್ಸಿಗೆ ಹಿಡಿದ ಬಣ್ಣಕ್ಕಿಂತ ಎರಡು ಮೆಟ್ಟಿಲು ತಿಳಿಯಾದದ್ದು, ಸ್ವಲ್ಪ ಮಣ್ಣು ಬೆರೆತಂಥದ್ದು ತಗೊಳ್ಳಿ. ರಾತ್ರಿ ಹಸಿರು ಕಂಡದ್ದು ಬಿಳಿ ಲೈಟಿನಿಂದ. 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಲ್ಬಿನ ಬೆಳಕಿನಲ್ಲಿ ನೀಲಿ ಜಾಸ್ತಿ. ಡಬ್ಬದ ಮೇಲೆ 2700 ಅಥವಾ 3000 ಅಂತ ಇರುವ ಬಲ್ಬ್ ಹಾಕಿ.

ದೊಡ್ಡ ರಟ್ಟಿಗೆ ಎರಡು ಕೋಟ್ ಹಚ್ಚಿ, ಪೂರ್ತಿ ಒಣಗಲಿ. ಬೆಳಗ್ಗೆ, ಸಂಜೆ ಐದಕ್ಕೆ, ರಾತ್ರಿ, ಮೂರೂ ಹೊತ್ತು ನೋಡಿ. ನಿಮ್ಮ ಪಡಸಾಲೆಗೆ ಸಂಜೆ ಬಿಸಿಲು ನೇರ ಬರುತ್ತದೆ, ಆಗ ಹಳದಿ ಕೇಸರಿ ಕಡೆ ತಿರುಗುತ್ತದೆ. ಆ ಹೊತ್ತಿಗೆ ಹಿಡಿಸಿತು ಅಂದರೆ ಅದೇ ಬಣ್ಣ.

ಕೋಟೆ ಓಣಿ, ಬೀದರ್:

ನಿಮ್ಮ ನೀಲಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನನಗೆ ಕೌದಿಯ ಮಾತು ತುಂಬಾ ಹಿಡಿಸಿತು. ಅಜ್ಜಿ ನೀಲಿಯನ್ನು ಅಂಚಿಗೆ ಮಾತ್ರ ಇಟ್ಟಿದ್ದಾರೆ ನೋಡಿ. ನೀವೂ ಹಾಗೇ ಮಾಡಿ. ನಮ್ಮ ಕೋಟೆಯ ರಂಗೀನ್ ಮಹಲಿಗೆ ಒಮ್ಮೆ ಬನ್ನಿ. ಅಲ್ಲಿ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಎಳೆಯಷ್ಟು ತೆಳು, ಆದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ನಮ್ಮೂರಿನ ಬಿದರಿ ಲೋಹದ ಕೆಲಸವೂ ಅಷ್ಟೇ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆ ಮಣ್ಣು, ನವಸಾಗರ ಅನ್ನುವ ಉಪ್ಪು ಬೆರೆಸಿದ ನೀರಿನಲ್ಲಿ ಕಾಯಿಸುತ್ತಾರೆ. ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ನಾನು ನಮ್ಮ ಮನೆಯ ಗೋಡೆಯಲ್ಲಿರುವ ಒಂದು ಗೂಡಿಗೆ ಮಾತ್ರ ಒಳಗೆ ಕಪ್ಪು ಹಚ್ಚಿ, ತಾತನ ಬಿದರಿ ಹೂದಾನಿ ಇಟ್ಟಿದ್ದೇನೆ. ಉಳಿದ ಗೋಡೆ ಎಲ್ಲಾ ಸುಣ್ಣದ ಬಿಳಿ. ಬಂದವರೆಲ್ಲಾ ಆ ಗೂಡಿನ ಮುಂದೆ ನಿಂತು ತಾತನ ಬಗ್ಗೆ ಕೇಳುತ್ತಾರೆ. ಬಾಗಿಲ ಚೌಕಟ್ಟು, ಕಿಟಕಿ, ಗೂಡು, ಇಷ್ಟಕ್ಕೆ ನೀಲಿ ಸಾಕು.

ಮಾಳಗಿ ಮನೆ, ಯಾದಗಿರಿ:

ಒಂದೇ ಮಾತು. ಒಳಗೆ ಯಾವ ಬಣ್ಣವಾದರೂ ಹಚ್ಚಿ, ಮಾಳಗಿ (ಛಾವಣಿ) ಮೇಲೆ ಮಾತ್ರ ಬಿಳಿಯೇ ಇರಲಿ, ಪಶ್ಚಿಮದ ಹೊರಗೋಡೆಗೂ ತಿಳಿ ಬಣ್ಣ. ನಮ್ಮ ಕಡೆಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಇನ್ನೊಂದು, ಯಜಮಾನರನ್ನೂ ಕೇಳಿ. ಅವರೂ ಅದೇ ಮನೆಯಲ್ಲಿ ಇರುವವರು ಅಲ್ವಾ?

ತೊಗರಿ ಹೂ, ಕಲಬುರಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ದಿನ ಮೂರು ರಟ್ಟು ಇಟ್ಟುಕೊಂಡು ನೋಡಿದೆ. ಮೊದಲನೆಯದು ಸಂಜೆಗೆ ಮಾವಿನಹಣ್ಣಾಯಿತು, ತೆಗೆದೆ. ಎಲ್ಲಕ್ಕಿಂತ ಮಂಕಾದದ್ದು ಗೆದ್ದಿತು. ಅದನ್ನು ಎರಡು ಗೋಡೆಗೆ, ಉಳಿದೆರಡಕ್ಕೆ ಬಿಳಿ. ಚೌಕಟ್ಟಿಗೆ ಕೌದಿಯ ನೀಲಿ. ಅಂಚನ್ನೇ ಅಂಗಡಿಗೆ ಒಯ್ದು ಹೊಂದಿಸಿದೆವು.

ನಮ್ಮವರನ್ನೂ ಕೇಳಿದೆ. ಅವರು ಓದುವ ಕೋಣೆಗೆ ಬೂದು. ಶಹಾಬಾದಿನ ಕಲ್ಲು ಗಣಿ ಪಕ್ಕ ಬೆಳೆದವರು, ಆ ಬಣ್ಣ ನೋಡಿದರೆ ಊರು ನೆನಪಾಗುತ್ತದೆ ಅಂದರು. ಮದುವೆಯಾಗಿ ಒಂಬತ್ತು ವರ್ಷ, ಇದನ್ನು ನಾನು ಕೇಳಿಯೇ ಇರಲಿಲ್ಲ. ಸೋಮವಾರ ಕೆಲಸ ಶುರು.