ಮೊದಲು ಬಿಸಿಲು, ಆಮೇಲೆ ಲಾರಿ

ತಂಗಿ, ನಿನ್ನ ಮೆಸೇಜ್ ಈಗ ನೋಡಿದೆ. ಜೂನ್ 10ಕ್ಕೆ ಸಾಗರದ ಮನೆ ಖಾಲಿ ಮಾಡಿ ಪುಣೆಗೆ ಹೊರಡುತ್ತೇವೆ, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳು.

ಲಾರಿಯನ್ನು ಮಾತ್ರ ಜೂನ್‌ಗೆ ಇಟ್ಟುಕೊಳ್ಳಬೇಡ. ಸಾಮಾನು ಮೇ ಕೊನೆಯ ವಾರದಲ್ಲೇ ಹೋಗಲಿ. ನಮ್ಮ ಕಡೆ ಒಂದು ಸಲ ಮಳೆ ಹಿಡಿಯಿತು ಅಂದರೆ ಬಟ್ಟೆ ಒಣಗಲ್ಲ, ಮರ ಒಣಗಲ್ಲ, ರಟ್ಟಿನ ಪೆಟ್ಟಿಗೆ ಕೂಡ ಕೈಗೆ ಮೆತ್ತಗೆ ಹತ್ತುತ್ತದೆ. ನಾವು ತೀರ್ಥಹಳ್ಳಿಯಿಂದ ವಡೋದರಕ್ಕೆ ಹೋದದ್ದು ಜುಲೈನಲ್ಲಿ. ಹಾಸಿಗೆಗೆಲ್ಲ ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿದ್ದೆವು. ಲಾರಿ ಬಂದದ್ದು ಎಂಟನೇ ದಿನ. ಬಿಚ್ಚಿ ನೋಡಿದರೆ ಹತ್ತಿ ಹಾಸಿಗೆ ತುಂಬಾ ಹಸಿರು ಬೂಷ್ಟು. ನನ್ನ ಧಾರೆ ಸೀರೆಯ ಮಡಿಕೆ ಮಡಿಕೆಗೂ ಬಿಳಿ ಚುಕ್ಕೆ. ಆ ಕಲೆ ಇವತ್ತಿಗೂ ಹೋಗಿಲ್ಲ. ದಾರಿಯಲ್ಲಿ ಒಂದು ಹನಿ ನೀರೂ ಒಳಗೆ ಹೋಗಿರಲಿಲ್ಲ ಕಣೆ. ಮನೆಯ ತೇವವನ್ನೇ ನಾವು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಕಳಿಸಿದ್ದೆವು.

ಅದಕ್ಕೇ ಈ ಎರಡು ವಾರದ ಬಿಸಿಲು ಬಿಡಬೇಡ. ಅಡಿಕೆ ಒಣಗಿಸುವ ಅಂಗಳ ಈಗ ಖಾಲಿ ಇದೆ ಅಲ್ವಾ? ದಿನಾ ಒಂದಿಷ್ಟು ಹರಡು: ಹಾಸಿಗೆ, ದಿಂಬು, ಕಂಬಳಿ, ಮಣೆ, ಪುಸ್ತಕ. ರೇಷ್ಮೆ ಸೀರೆ ಮಾತ್ರ ನೆರಳಲ್ಲಿ, ಗಾಳಿಗೆ. ಬಿಸಿ ಆರಿದ ಮೇಲೆ, ಸಂಜೆ ತಂಪು ಇಳಿಯುವ ಮೊದಲು ಕಟ್ಟು. ಸೀರೆಗೆ ಹಳೇ ಹತ್ತಿ ಪಂಚೆ ಸುತ್ತು, ಪ್ಲಾಸ್ಟಿಕ್ ಬೇಡ. ಫ್ರಿಜ್ ಎರಡು ದಿನ ಮೊದಲೇ ಆಫ್ ಮಾಡಿ, ಒರೆಸಿ, ಬಾಗಿಲು ತೆರೆದಿಡು. ವಾಷಿಂಗ್ ಮೆಷಿನ್ ಪೈಪಿನ ನೀರನ್ನೂ ಪೂರ್ತಿ ಇಳಿಸು.

ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಭರಣಿ ತುಂಬಿಸಿಕೊಂಡು ಲಾರಿಗೆ ಹಾಕಬೇಡ. ಕುಲುಕಿ ಕುಲುಕಿ ರಸ ಉಕ್ಕಿ ಬಂದರೆ ಪಕ್ಕದ ಪೆಟ್ಟಿಗೆಯೆಲ್ಲ ಉಪ್ಪು-ಖಾರ. ಬಾಯಿ ಭದ್ರ ಇರುವ ಡಬ್ಬಿಗೆ ಮುಕ್ಕಾಲು ತುಂಬಿಸಿ ನಿಮ್ಮ ಜೊತೆಗೇ ತಗೊಂಡು ಹೋಗು. ಭರಣಿ ಖಾಲಿಯಾಗಿ ಹೋಗಲಿ, ಒಳಗೆ ಬಟ್ಟೆ ತುರುಕಿ.

ಕಾಗದದ ಕೆಲಸ ಬೇಗ ಹೇಳಿಬಿಡುತ್ತೇನೆ. ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ವಾಪಸ್ ಕೊಟ್ಟು ವೋಚರ್ ತಗೋ, ಅದನ್ನು ತೋರಿಸಿಯೇ ಅಲ್ಲಿ ಕನೆಕ್ಷನ್ ಕೇಳಬೇಕು. ಒಲೆ ನಿನ್ನದೇ. ಕಾರು ಕೆಎ 15, ಅದಕ್ಕೆ ಸಾಗರದ ಆರ್‌ಟಿಒದಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ ಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿಯ ನಂಬರ್ ಮಾಡಿಸಲೇಬೇಕು. ಪುಟ್ಟನ ಶಾಲೆಯ ಟಿಸಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಮೇಲುಸಹಿಯನ್ನೂ ಈಗಲೇ ಹಾಕಿಸಿಬಿಡು, ಅಲ್ಲಿ ಹೋದ ಮೇಲೆ ಕೇಳಿದರೆ ವಾಪಸ್ ಓಡಾಡುವುದು ಕಷ್ಟ. ಮಹಾರಾಷ್ಟ್ರದಲ್ಲಿ 2020ರಲ್ಲಿ ಕಾನೂನು ಬಂದಿದೆ, ಸಿಬಿಎಸ್‌ಇ ಶಾಲೆಯಾದರೂ ಮರಾಠಿ ಕಲಿಯಬೇಕು. ಅವನಿಗೆ ಹಿಂದಿ ಅಕ್ಷರ ಬರುತ್ತಲ್ಲ, ಮರಾಠಿಗೂ ಅದೇ ಲಿಪಿ, ಅರ್ಧ ಕೆಲಸ ಆದ ಹಾಗೆ. ಹೆದರಿಸಬೇಡ.

ಇನ್ನು ನಿನ್ನ ಅತ್ತೆಯವರ ವಿಷಯ. ನನಗೆ ಜಾಸ್ತಿ ಯೋಚನೆ ಅವರದ್ದೇ. ಅಟ್ಟದ ಮೇಲಿರುವುದನ್ನು ಅವರು ಮಲಗಿದ್ದಾಗ ಗುಜರಿಗೆ ಹಾಕಬೇಡ. ನಲವತ್ತು ವರ್ಷ ಆ ಮನೆಯಲ್ಲಿ ಒಲೆ ಹಚ್ಚಿದವರು. ಒಂದು ಟ್ರಂಕ್ ಅವರ ಮುಂದಿಟ್ಟು, 'ಇದರಲ್ಲಿ ಏನು ಬೇಕಾದರೂ ಇಡಿ, ನಾವು ಕೇಳಲ್ಲ' ಅನ್ನು. ನನ್ನ ಅತ್ತೆ ಹಾಗೆ ಇಟ್ಟದ್ದು ತುಳಸಿ ಕಟ್ಟೆಯ ಒಂದು ಮುಷ್ಟಿ ಮಣ್ಣು, ಮುರಿದ ಹಿಡಿಯ ಕಡಗೋಲು. ವಡೋದರದ ಮೂರನೇ ಮಹಡಿಯಲ್ಲಿ ಮೊದಲು ಬಿಚ್ಚಿದ್ದೂ ಅದನ್ನೇ. ಮಾರನೇ ದಿನ ಬೆಳಿಗ್ಗೆ ಆ ಕಡಗೋಲಲ್ಲೇ ಮಜ್ಜಿಗೆ ಕಡೆದರು. ಊರು ಬಿಟ್ಟ ಮೇಲೆ ಅವರು ಹೊಟ್ಟೆ ತುಂಬಾ ಊಟ ಮಾಡಿದ್ದು ಅವತ್ತೇ.

ಬಿಪಿ ಮಾತ್ರೆ ಎರಡು ತಿಂಗಳಿಗೆ ಆಗುವಷ್ಟು, ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲೇ ಇರಲಿ. ಅವರಿಗೆ ಕಾರಿನಲ್ಲಿ ಇಡೀ ದಿನ ಕೂರಲು ಆಗುವುದಿಲ್ಲ. ಹುಬ್ಬಳ್ಳಿಯಿಂದ ರೈಲಿಗೆ ಕರೆದುಕೊಂಡು ಹೋಗು.

ಭಾವನೂ ನಾನೂ ಮೇ 18ಕ್ಕೆ ಬರುತ್ತೇವೆ. ಹಗ್ಗ, ಗೋಣಿಚೀಲ ನಾನು ತರುತ್ತೇನೆ. ಅಟ್ಟದ್ದನ್ನು ಸೇರಿಯೇ ಇಳಿಸೋಣ, ಅಲ್ಲಿಯವರೆಗೆ ಒಬ್ಬಳೇ ಏಣಿ ಹತ್ತಬೇಡ.