ತಾನಾಗಿ ಇಳಿಯುವ ರೋಲರ್ ಬ್ಲೈಂಡ್: ಮೋಟಾರು ಎತ್ತುತ್ತದೆ, ಆದರೆ ಪರದೆ ನಿಲ್ಲುವುದಿಲ್ಲ

ಪಡುವಣ ಕಿಟಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ ಪಶ್ಚಿಮಕ್ಕೆ ತೆರೆದ ಕೋಣೆಯೊಂದಿದೆ. ಮಧ್ಯಾಹ್ನ ಎರಡು ಗಂಟೆಯ ನಂತರ ಬಿಸಿಲು ನೇರವಾಗಿ ಮೇಜಿನ ಮೇಲೆ ಬೀಳುತ್ತದೆ. ಭುಜದ ನೋವಿರುವ ನಮ್ಮ ತಾಯಿಯವರಿಗೆ ಬ್ಲೈಂಡಿನ ಮಣಿಸರವನ್ನು ದಿನಕ್ಕೆ ನಾಲ್ಕು ಸಲ ಎಳೆಯುವುದು ಕಷ್ಟವಾದ್ದರಿಂದ, ಬಿಸಿಲು ನೋಡಿ ತಾನೇ ಇಳಿದು ಏರುವ ವ್ಯವಸ್ಥೆಯೊಂದನ್ನು ಕಟ್ಟಲು ಹೊರಟೆ.

ಬ್ಲೈಂಡ್ 4 ಅಡಿ ಅಗಲ, 5 ಅಡಿ ಎತ್ತರವಿದ್ದು, ಬೆಳಕನ್ನು ಪೂರ್ತಿ ತಡೆಯುವ ದಪ್ಪ ಬಟ್ಟೆಯದು. ಕೊಳವೆಯ ವ್ಯಾಸ 38 ಮಿ.ಮೀ. ಮೊದಲು ಇಎಸ್‌ಪಿ32 ಎಂಬ, ವೈಫೈ ಇರುವ ಪುಟ್ಟ ನಿಯಂತ್ರಕ ಬೋರ್ಡಿಗೆ 28ಬಿವೈಜೆ-48 ಎಂಬ ಸಣ್ಣ ಸ್ಟೆಪ್ಪರ್ ಮೋಟಾರನ್ನು (ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದು) ಜೋಡಿಸಿದೆ. ಅದು ಗುಂಯ್‌ಗುಟ್ಟಿತೇ ಹೊರತು ಅಲುಗಾಡಲಿಲ್ಲ. ನಂತರ ಕೊಳವೆಯ ತುದಿಯಲ್ಲಿದ್ದ ಮಣಿಸರದ ಬಿಡಿಭಾಗವನ್ನೆಲ್ಲ ತೆಗೆದು, ನೇಮಾ 17 ಎಂಬ ದೊಡ್ಡ ಸ್ಟೆಪ್ಪರ್ ಮೋಟಾರನ್ನು ಎ4988 ಡ್ರೈವರ್ (ಮೋಟಾರಿಗೆ ವಿದ್ಯುತ್ ಹರಿಸುವ ಸಣ್ಣ ಬೋರ್ಡು) ಮೂಲಕ ನೇರವಾಗಿ ಕೊಳವೆಗೇ ಸೇರಿಸಿದೆ. ಈಗ ಪರದೆ ಏರುತ್ತದೆ. ಆದರೆ ಮೋಟಾರಿಗೆ ವಿದ್ಯುತ್ ನಿಲ್ಲಿಸಿದ ಕೂಡಲೇ ಜರ್ರನೆ ಕೆಳಗೆ ಜಾರುತ್ತದೆ, ನಿಲ್ಲಿಸದಿದ್ದರೆ ಮೋಟಾರು ಮುಟ್ಟಲಾಗದಷ್ಟು ಕಾಯುತ್ತದೆ.

ಇನ್ನೆರಡು ತೊಂದರೆಗಳಿವೆ. ಕಿಟಕಿಯ ಒಳಗಿನ ಕಟ್ಟೆಯ ಮೇಲಿಟ್ಟಿರುವ ಎಲ್‌ಡಿಆರ್ (ಬೆಳಕು ಗುರುತಿಸುವ ಸೆನ್ಸರ್) ನೋಡಿಕೊಂಡು ಪರದೆ ಇಳಿಯುತ್ತದೆ, ಎರಡೇ ನಿಮಿಷದಲ್ಲಿ ಮೇಲೇರುತ್ತದೆ, ಮತ್ತೆ ಇಳಿಯುತ್ತದೆ. ಸಂಜೆಯವರೆಗೂ ಇದೇ ಆಟ. ವೈಫೈ ಚಾಲೂ ಮಾಡಿದರೆ ಎಲ್‌ಡಿಆರ್‌ನಿಂದ ಬರುವ ಅಂಕಿಗಳೇ ಅರ್ಥವಿಲ್ಲದಂತಾಗುತ್ತವೆ (ಅದು 26ನೇ ಪಿನ್ನಿಗಿದೆ). ಅಲ್ಲದೆ ಹತ್ತು ದಿನ ಕಳೆಯುವಷ್ಟರಲ್ಲಿ ಪರದೆ ನಿಲ್ಲುವ ಜಾಗ ಅರ್ಧ ಅಡಿ ಕೆಳಗೆ ಬಂದಿತ್ತು. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಲೇತ್ ಮನೆ

ನೀವು ಬಿಚ್ಚಿ ಎಸೆದ ಬಿಡಿಭಾಗವೇ ನಿಮಗೆ ಬೇಕಾದದ್ದು. ಎಸೆದಿಲ್ಲವೆಂದು ಭಾವಿಸಿ ಬರೆಯುತ್ತೇನೆ.

ಮೊದಲು ಭಾರದ ಲೆಕ್ಕ ನೋಡೋಣ. 4 ಅಡಿಗೆ 5 ಅಡಿ ಎಂದರೆ ಸುಮಾರು 1.86 ಚದರ ಮೀಟರ್. ಇಂಥ ಬಟ್ಟೆಯನ್ನು ಚದರ ಮೀಟರಿಗೆ 400 ಗ್ರಾಂ ಎಂದು ಹಿಡಿದು, ಕೆಳಪಟ್ಟಿಗೆ 300 ಗ್ರಾಂ ಸೇರಿಸಿದರೆ ಒಟ್ಟು ಒಂದು ಕಿಲೋ ದಾಟುತ್ತದೆ. ಆ ಭಾರ ಕೊಳವೆಯ ನಡುವಿನಿಂದ 19 ಮಿ.ಮೀ. ದೂರದಲ್ಲಿ ತೂಗುವುದರಿಂದ ಬೇಕಾದ ತಿರುಚುಬಲ ಸರಿಸುಮಾರು 0.2 ನ್ಯೂಟನ್ ಮೀಟರ್. ನಿಮ್ಮ ಮೊದಲ ಮೋಟಾರಿನ ತಿರುಚುಬಲ 0.034ರ ಆಸುಪಾಸಿನದು, ಅದು ಗುಂಯ್‌ಗುಟ್ಟಿದ್ದರಲ್ಲಿ ಅದರ ತಪ್ಪೇನೂ ಇಲ್ಲ. ಪರದೆ ಪೂರ್ತಿ ಇಳಿದಿರುವಾಗಲೇ ಹೊರೆ ಹೆಚ್ಚು. ಸುತ್ತಿಕೊಳ್ಳುತ್ತಾ ಹೋದಂತೆ ಸುರುಳಿ ದಪ್ಪವಾದರೂ ತೂಗುವ ಬಟ್ಟೆ ಕಡಿಮೆಯಾಗುತ್ತದೆ. ಆದ್ದರಿಂದ ಕೆಳಗಿನಿಂದ ಹೊರಡುವ ಮೊದಲ ಸುತ್ತಿನಲ್ಲಿ ಗೆದ್ದ ಮೋಟಾರು ಉಳಿದ ದಾರಿಯಲ್ಲಿ ಸೋಲುವುದಿಲ್ಲ.

ಇನ್ನು ಜಾರುವ ವಿಚಾರ. ಮಣಿಸರವಿರುವ ರೋಲರ್ ಬ್ಲೈಂಡುಗಳ ಕ್ಲಚ್ಚಿನಲ್ಲಿ, ಅಂದರೆ ನೀವು ಬಿಚ್ಚಿದ ಆ ಬಿಡಿಭಾಗದಲ್ಲಿ, ಒಂದು ಸುರುಳಿ ಸ್ಪ್ರಿಂಗ್ ಇರುತ್ತದೆ. ಬಟ್ಟೆಯ ಭಾರ ಕೊಳವೆಯನ್ನು ತಿರುಗಿಸಲು ಹೋದರೆ ಅದು ಬಿಗಿದುಕೊಳ್ಳುತ್ತದೆ, ಸರ ಎಳೆದರೆ ಸಡಿಲವಾಗುತ್ತದೆ. ಕೈ ಬಿಟ್ಟರೂ ಪರದೆ ಅಲ್ಲೇ ನಿಲ್ಲುವುದು ಇದರಿಂದಲೇ. ಕ್ಲಚ್ಚನ್ನು ಹಿಂದಿನಂತೆ ಕೂರಿಸಿ, ಮೋಟಾರನ್ನು ಗೋಡೆಯ ಕೆಳಭಾಗದಲ್ಲಿ ಬಿಗಿದು, ಅದರಿಂದ ಮಣಿಸರವನ್ನೇ ಎಳೆಸಿ. ಪರದೆ ನಿಂತ ಮೇಲೆ ಮೋಟಾರಿಗೆ ವಿದ್ಯುತ್ ಕೊಡುವ ಅಗತ್ಯವೇ ಇರುವುದಿಲ್ಲ. ಸರ ಕೂರಲು ಗುಳಿಗಳಿರುವ ಮಣಿಚಕ್ರವನ್ನು 3ಡಿ ಮುದ್ರಣದಲ್ಲಿ ಮಾಡಿಕೊಳ್ಳುವ ಮುನ್ನ ಐವತ್ತು ಮಣಿಗಳ ಉದ್ದವನ್ನು ಅಳೆದು ಐವತ್ತರಿಂದ ಭಾಗಿಸಿ. ಒಂದೇ ಮಣಿಯನ್ನು ಅಳೆದರೆ ಕೂದಲೆಳೆಯಷ್ಟು ತಪ್ಪು ಚಕ್ರದ ಸುತ್ತ ಕೂಡುತ್ತಾ ಹೋಗಿ ಮಣಿಗಳು ಗುಳಿಯಿಂದ ಹಾರುತ್ತವೆ. ಚಕ್ರ ಚಿಕ್ಕದಾದಷ್ಟೂ ಮೋಟಾರಿಗೆ ಹಗುರ. ಆದರೆ ಸರವು ಚಕ್ರದ ಅರ್ಧ ಸುತ್ತನ್ನಾದರೂ ಅಪ್ಪಿಕೊಂಡಿರಬೇಕು. ಸರ ಬಿಗಿಯಾಗಿರಲಿ. ಜೋಲಾಡುವ ಕುಣಿಕೆ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕುತ್ತಿಗೆಗೆ ಅಪಾಯ.

ಕ್ಲಚ್ ಸಿಗದೇ ಹೋದರೆ ವರ್ಮ್ ಗೇರ್ (ತಿರುಪಿನಂಥ ದಂಡವು ಹಲ್ಲುಚಕ್ರವನ್ನು ತಿರುಗಿಸುವ ಗೇರ್) ಇರುವ 12 ವೋಲ್ಟಿನ ಡಿಸಿ ಮೋಟಾರನ್ನು ಕೊಳವೆಗೆ ನೇರವಾಗಿ ಹಾಕಬಹುದು. ವೇಗವನ್ನು ಸಾಕಷ್ಟು ತಗ್ಗಿಸುವ ಅಂಥ ಗೇರನ್ನು ಬಟ್ಟೆಯ ಭಾರ ಹಿಂದಕ್ಕೆ ತಿರುಗಿಸಲಾರದು. ನಿಮಿಷಕ್ಕೆ 25 ಸುತ್ತಿನದಾದರೆ ಹನ್ನೆರಡು ಹದಿಮೂರು ಸುತ್ತಿನ ನಿಮ್ಮ ಪರದೆ ಅರ್ಧ ನಿಮಿಷದಲ್ಲಿ ಮೇಲಿರುತ್ತದೆ.

ತವರದ ಬೆಸುಗೆ

ಮೇಲಿನವರು ಹೇಳಿದ ಕ್ಲಚ್ಚಿನ ಮಾತಿಗೆ ನನ್ನದೂ ಒಪ್ಪಿಗೆ. ವಿದ್ಯುತ್ತಿನ ಕಡೆಯ ಕೆಲವು ಮಾತುಗಳು ಹೀಗಿವೆ.

ಇಎಸ್‌ಪಿ32ರ 26ನೇ ಪಿನ್ ಎಡಿಸಿ2 ಗುಂಪಿಗೆ ಸೇರಿದ್ದು (ಎಡಿಸಿ ಎಂದರೆ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಭಾಗ). ವೈಫೈ ನಡೆಯುತ್ತಿರುವಾಗ ಆ ಗುಂಪನ್ನು ನಂಬುವಂತಿಲ್ಲ. ತಂತಿಯನ್ನು 32ರಿಂದ 39ರೊಳಗಿನ ಎಡಿಸಿ1 ಪಿನ್ನೊಂದಕ್ಕೆ ಬದಲಿಸಿದರೆ ಅಂಕಿಗಳು ಸರಿಹೋಗುತ್ತವೆ. 34ರಿಂದ ಮುಂದಿನವು ಒಳಬರುವ ಸಂಕೇತಕ್ಕೆ ಮಾತ್ರ ಇರುವಂಥವು, ಅವಕ್ಕೆ ಒಳಗಿನ ಪುಲ್‌ಅಪ್ (ಸ್ವಿಚ್ ತೆರೆದಿರುವಾಗ ಪಿನ್ನನ್ನು ಮೇಲಿನ ವೋಲ್ಟೇಜಿನಲ್ಲಿ ಹಿಡಿದಿಡುವ ರೆಸಿಸ್ಟರ್) ಕೂಡ ಇಲ್ಲ. ಸ್ವಿಚ್ ಜೋಡಿಸುವಾಗ ಇದನ್ನು ಮರೆತು ನಾನೇ ಒಂದು ಭಾನುವಾರವನ್ನು ಕಳೆದುಕೊಂಡಿದ್ದೇನೆ.

ಅರ್ಧ ಅಡಿಯ ವ್ಯತ್ಯಾಸಕ್ಕೆ ಕಾರಣ, ಸ್ಟೆಪ್ಪರ್ ಮೋಟಾರು ಹೆಜ್ಜೆ ತಪ್ಪಿದ್ದು ಬೋರ್ಡಿಗೆ ತಿಳಿಯುವುದೇ ಇಲ್ಲ. ಅದು ತಾನು ಕಳುಹಿಸಿದ ಹೆಜ್ಜೆಗಳನ್ನು ಎಣಿಸುತ್ತದೆಯೇ ಹೊರತು ಮೋಟಾರು ಇಟ್ಟ ಹೆಜ್ಜೆಗಳನ್ನಲ್ಲ. ಕೆಳಪಟ್ಟಿಯ ತುದಿಗೆ ಸಣ್ಣ ಆಯಸ್ಕಾಂತವನ್ನೂ ಕಿಟಕಿಯ ಚೌಕಟ್ಟಿನ ಮೇಲ್ಭಾಗಕ್ಕೆ ರೀಡ್ ಸ್ವಿಚ್ಚನ್ನೂ (ಆಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್) ಅಂಟಿಸಿ, ಪರದೆ ಮೇಲೆ ಮುಟ್ಟಿದಾಗಲೆಲ್ಲ ಎಣಿಕೆಯನ್ನು ಸೊನ್ನೆಗೆ ತನ್ನಿ. ಸಾಮಾನ್ಯಕ್ಕಿಂತ ಹತ್ತು ಹದಿನೈದು ಸೆಕೆಂಡು ಹೆಚ್ಚಾದರೂ ಸ್ವಿಚ್ ಮುಟ್ಟದಿದ್ದರೆ ಮೋಟಾರು ನಿಲ್ಲಬೇಕೆಂಬ ಸಾಲನ್ನು ಪ್ರೋಗ್ರಾಮಿನಲ್ಲಿ ಖಂಡಿತ ಸೇರಿಸಿ.

ಎ4988ರ ಮೋಟಾರು ಪೂರೈಕೆಯ ಪಿನ್ನುಗಳ ಹತ್ತಿರವೇ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ, ಬೋರ್ಡಿಗೂ ಮೋಟಾರಿಗೂ ಗ್ರೌಂಡ್ ಒಂದೇ ಆಗಿರಲಿ. ವಿದ್ಯುತ್ ಇರುವಾಗ ಮೋಟಾರಿನ ತಂತಿಯನ್ನು ಕೀಳಬೇಡಿ. ಡ್ರೈವರ್ ಆ ಕ್ಷಣದಲ್ಲೇ ಸುಟ್ಟುಹೋಗಬಹುದು.

ನೆರಳು ಗಡಿಯಾರ

ಏರಿಳಿತದ ಆಟಕ್ಕೆ ಕಾರಣ ಸೆನ್ಸರ್ ಇರುವ ಜಾಗ. ಪರದೆಯ ಒಳಬದಿಯಲ್ಲಿ ಕುಳಿತ ಎಲ್‌ಡಿಆರ್‌ಗೆ ಕಾಣುವುದು ಪರದೆಯೇ ಮಾಡಿದ ಕತ್ತಲೆ. ಅದನ್ನೇ ಸಂಜೆಯೆಂದು ತಿಳಿದು ಪರದೆಯನ್ನು ಮತ್ತೆ ಎತ್ತಿಸುತ್ತದೆ. ಸೆನ್ಸರನ್ನು ಗಾಜು ಮತ್ತು ಪರದೆಯ ನಡುವೆ, ಹೊರಮುಖವಾಗಿ ಅಂಟಿಸಿ.

ಎಲ್‌ಡಿಆರ್ ಬದಲು ಬಿಎಚ್1750 ಎಂಬ ಬೆಳಕಿನ ಸೆನ್ಸರ್ ಬಳಸಿದರೆ ಬೆಳಕು ಅದರ ಅಳತೆಯಾದ ಲಕ್ಸ್ ಲೆಕ್ಕದಲ್ಲೇ ದೊರೆಯುತ್ತದೆ. ಸಾಮಾನ್ಯ ಹೊಂದಿಕೆಯಲ್ಲಿ ಅದು ಸುಮಾರು 54,600 ಲಕ್ಸ್‌ಗೆ ತುಂಬಿಹೋಗುತ್ತದೆ, ನೇರ ಬಿಸಿಲಾದರೋ ಒಂದು ಲಕ್ಷದವರೆಗೆ ಹೋಗಬಲ್ಲದು. ಆದರೂ ಚಿಂತೆಯಿಲ್ಲ, ಏಕೆಂದರೆ ನಾವು ತೀರ್ಮಾನ ಮಾಡುವುದು ಅದಕ್ಕಿಂತ ಬಹಳ ಕೆಳಗೆ. 30,000 ಮೀರಿ ಐದು ನಿಮಿಷ ಸತತವಾಗಿದ್ದರೆ ಇಳಿಸುವುದು, 12,000ಕ್ಕಿಂತ ಕೆಳಗೆ ಇಪ್ಪತ್ತು ನಿಮಿಷ ಇದ್ದರೆ ಮಾತ್ರ ಏರಿಸುವುದು ಎಂದು ಎರಡು ಗಡಿಗಳನ್ನು ಇಟ್ಟು ನೋಡಿ, ನಿಮ್ಮ ಗಾಜಿಗೆ ತಕ್ಕಂತೆ ತಿದ್ದಿಕೊಳ್ಳಿ. ಗಡಿ ಒಂದೇ ಆಗಿದ್ದರೆ ಆಷಾಢದ ಮೋಡಗಳು ನಿಮ್ಮ ಮೋಟಾರನ್ನು ಸವೆಸಿಬಿಡುತ್ತವೆ.

ಗಡಿಯಾರವೊಂದನ್ನೇ ನಂಬುವುದೂ ಬೇಡ. ಮೈಸೂರಿನಲ್ಲಿ ಸೂರ್ಯ ಮಧ್ಯಾಹ್ನರೇಖೆ ದಾಟುವುದು ದಿನಕ್ಕೆ ತಕ್ಕಂತೆ ಸುಮಾರು 12:07ರಿಂದ 12:38ರ ನಡುವೆ. ಅಲ್ಲಿಯವರೆಗೆ ಪಶ್ಚಿಮದ ಗಾಜಿಗೆ ನೇರ ಬಿಸಿಲು ತಾಗದು. ಜೂನ್ ಕೊನೆಯ ವಾರದಲ್ಲಿ ಸೂರ್ಯ ನೇರ ಪಶ್ಚಿಮಕ್ಕಿಂತ 24 ಡಿಗ್ರಿ ಉತ್ತರಕ್ಕೂ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೂ ಮುಳುಗುವುದರಿಂದ ಪಕ್ಕದ ಮನೆಯ ನೆರಳು ಬೀಳುವ ಹೊತ್ತೂ ಬದಲಾಗುತ್ತಿರುತ್ತದೆ. ಹನ್ನೆರಡಕ್ಕೆ ಮುನ್ನ ಪರದೆ ತಾನಾಗಿ ಇಳಿಯಬಾರದೆಂಬ ನಿಯಮವಿಟ್ಟು, ಉಳಿದದ್ದನ್ನು ಸೆನ್ಸರಿಗೆ ಬಿಡಿ.

ಕಣ್ಣು ಕುಕ್ಕುವುದು ತಪ್ಪಿದರೂ ಸೆಕೆ ಅಷ್ಟಾಗಿ ಇಳಿಯದು ಎಂಬುದನ್ನೂ ಹೇಳಿಬಿಡುತ್ತೇನೆ. ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಿರುತ್ತದೆ. ಹಿಂದಿನವರು ಬಿದಿರಿನ ತಟ್ಟಿಯನ್ನೂ ಲಾವಂಚದ ಪರದೆಯನ್ನೂ ಹೊರಗೆ ಕಟ್ಟುತ್ತಿದ್ದದ್ದು ಸುಮ್ಮನೆ ಅಲ್ಲ.

ಪಡುವಣ ಕಿಟಕಿ

ಎಲ್ಲರಿಗೂ ಕೃತಜ್ಞತೆಗಳು. ಕ್ಲಚ್ ಹಳೆಯ ಡಬ್ಬಿಯಲ್ಲೇ ಇತ್ತು. ಮಣಿಸರವನ್ನು ಎಳೆಯುವ ಹಾಗೆ ನೇಮಾ 17 ಮೋಟಾರನ್ನೇ ಕೂರಿಸಿ ಮೂರು ವಾರವಾಯಿತು. ಪರದೆ ಜಾರಿಲ್ಲ, ಮೋಟಾರು ತಣ್ಣಗಿದೆ. ಮೊದಲ ಮಣಿಚಕ್ರವನ್ನು ಒಂದೇ ಮಣಿ ಅಳೆದು ಮಾಡಿದ್ದೆ, ಲೇತ್ ಮನೆಯವರು ಹೇಳಿದಂತೆಯೇ ಮಣಿಗಳು ಹಾರಿದವು, ಎರಡನೆಯದು ಸರಿಯಾಯಿತು.

ತಾಯಿಯವರ ಕೈಗೆ ಎಟುಕುವಂತೆ ಒಂದು ಗುಂಡಿಯನ್ನೂ ಇಟ್ಟಿದ್ದೇನೆ. ಅದನ್ನು ಒತ್ತಿದರೆ ಮರುದಿನ ಬೆಳಗಿನವರೆಗೆ ಸೆನ್ಸರಿನ ಮಾತು ನಡೆಯುವುದಿಲ್ಲ. ಇಳಿದ ಪರದೆಯನ್ನು ತಕ್ಷಣ ಮೇಲೆತ್ತಿ ರಸ್ತೆ ನೋಡುವ ಹಕ್ಕು ತಮಗಿರಬೇಕೆಂದು ಅವರು ಮೊದಲ ದಿನವೇ ಹೇಳಿದ್ದರು.

ಒಂದು ಸಂಗತಿ ಮಾತ್ರ ನನಗೆ ಹೊಳೆದಿರಲಿಲ್ಲ. ಕರೆಂಟು ಹೋಗಿ ಬಂದಾಗ ಬೋರ್ಡು ಸೊನ್ನೆಯ ಜಾಗವನ್ನು ಹುಡುಕಲು ಪರದೆಯನ್ನು ಮೇಲೆತ್ತುತ್ತದೆಯಷ್ಟೆ. ಮೊನ್ನೆ ರಾತ್ರಿ ಎರಡು ಗಂಟೆಗೆ ಕರೆಂಟು ಬಂದು, ಮೋಟಾರಿನ ಸದ್ದಿಗೆ ಮನೆಮಂದಿಯೆಲ್ಲ ಎದ್ದು ಕುಳಿತರು. ಈಗ ಬೆಳಗಿನ ಏಳು ಗಂಟೆಗೆ ಮುನ್ನ ಆ ಹುಡುಕಾಟ ನಡೆಯದಂತೆ ಪ್ರೋಗ್ರಾಮನ್ನು ತಿದ್ದಿದ್ದೇನೆ.